ಟಾಚಣಿ ಇಲ್ಲದ ಕೌದಿ

ಮಷೀನಿನಲ್ಲಿ ಕೌದಿ ಹೊಲಿಯುವುದು ಸುಲಭ ಎನ್ನುವವರನ್ನು ಒಂದು ಮಧ್ಯಾಹ್ನ ನನ್ನ ಮಷೀನಿನ ಮುಂದೆ ಕೂರಿಸಬೇಕು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಸೂಜಿಯ ಕೆಳಗೆ ತಳ್ಳಿದರೆ, ಮಷೀನಿನ ಹಲ್ಲು ಕೆಳಗಿನ ಪದರವನ್ನಷ್ಟೇ ಹಿಡಿದು ಎಳೆಯುತ್ತದೆ. ಮೇಲಿನದು ಹಿಂದೆ ಉಳಿಯುತ್ತದೆ. ಸಾಲು ಮುಗಿಯುವಷ್ಟರಲ್ಲಿ ಮೇಲಿನ ಬಟ್ಟೆ ಸರಿದು ಎಲ್ಲೋ ಒಂದು ಕಡೆ ಉಬ್ಬಿ ಕೂತಿರುತ್ತದೆ. ಅದಕ್ಕೇ ಟಾಚಣಿ ಎನ್ನುವ ಗುಂಡುಸೂಜಿ ಬೇಕು. ತಲೆಗೆ ಬಣ್ಣದ ಮಣಿ ಇರುವ ಉದ್ದನೆಯ ಟಾಚಣಿಗಳನ್ನು ನಡುವಿನಿಂದ ಅಂಚಿನ ಕಡೆಗೆ ಚುಚ್ಚುತ್ತ ಹೋಗಬೇಕು, ಅಂಗೈಯಿಂದ ಸುಕ್ಕನ್ನೆಲ್ಲ ಹೊರಗೆ ಓಡಿಸುತ್ತ. ಸೂಜಿ ಹತ್ತಿರ ಬಂದಾಗ ಒಂದೊಂದೇ ತೆಗೆಯಬೇಕು. ಇಷ್ಟೇ ವಿದ್ಯೆ. ಇಷ್ಟು ಮಾಡಲು ನನ್ನನ್ನು ಬಿಟ್ಟಿದ್ದರೆ ಹೇಳಲು ಏನೂ ಇರುತ್ತಿರಲಿಲ್ಲ.

ಆಗ ನಾನು ಹನುಮಸಾಗರದಲ್ಲಿ, ಗಂಡನ ಮನೆಯಲ್ಲಿದ್ದೆ. ಚೊಚ್ಚಲ ಬಸುರಿ. ಕುಬಸ, ಅಂದರೆ ಸೀಮಂತ, ಮಾಡಿ, ಹಸಿರು ಬಳೆ ಇಡಿಸಿ, ಹೆರಿಗೆಗೆ ತವರಿಗೆ ಕಳಿಸುವುದು ನಮ್ಮ ಕಡೆಯ ರೂಢಿ. ನನ್ನ ತವರು ಇರಕಲ್ಲಗಡ. ಕುಬಸವೂ ಆಯಿತು, ಬಳೆಯೂ ಆಯಿತು, ಕಳಿಸುವ ಮಾತು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ಅವ್ವ ಫೋನ್ ಮಾಡಿದಾಗಲೆಲ್ಲ ಅತ್ತೆಯದು ಒಂದೇ ಉತ್ತರ.

"ಕೂಸಿನ ಕೌದಿ ಹಾಸೀವ್ರಿ. ಹಾಸಿದ ಕೌದಿ ಅರ್ಧಕ್ಕ ಬಿಟ್ಟು ಬಸುರಿ ಹೊಸ್ತಿಲಾ ದಾಟಬಾರದು. ಮುಗೀಲಿ, ಕಳಸ್ತೀವಿ."

ಹೀಗೆ ಆ ಕೌದಿ ಮುಗಿದರೆ ನಾನು ಅವ್ವನ ಹತ್ತಿರ ಹೆರುತ್ತೇನೆ, ಮುಗಿಯದಿದ್ದರೆ ಇಲ್ಲೇ ಎಂದಾಯಿತು. ನನಗೆ ಹೆರಿಗೆಯ ಹೆದರಿಕೆ ವಿಪರೀತವಿತ್ತು. ಅವ್ವನ ಕೈ ಹಿಡಿಯದೆ ಆ ನೋವು ತಿನ್ನಲಾರೆ ಎಂದು ಗಟ್ಟಿಯಾಗಿ ನಂಬಿದ್ದೆ. ಅತ್ತೆಗೂ ಒಂದು ಹೆದರಿಕೆ ಇತ್ತು. ಹಿರಿಯ ಸೊಸೆ ಹೆರಿಗೆಗೆಂದು ಗಂಗಾವತಿಗೆ ಹೋದವಳು ತಿರುಗಿ ಬರಲಿಲ್ಲ. ಕೊನೆಗೆ ಮಗನೇ ಅಲ್ಲಿಗೆ ಹೋಗಿ ಮನೆ ಮಾಡಿದ. ಅದನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಅವಳು ಮಾಡಿದ್ದಕ್ಕೆ ದಂಡ ನಾನು ಕಟ್ಟುತ್ತಿದ್ದೆ.

ಟಾಚಣಿ ಚುಚ್ಚಿ ಹೊಲಿಯಲು ಕೂತ ಮೊದಲ ದಿನವೇ ಅತ್ತೆ ಬಂದು ಕೌದಿಯ ಮೇಲೆ ಅಂಗೈ ಆಡಿಸಿದರು. ಒಂದು ಟಾಚಣಿ ಚುಚ್ಚಿ ರಕ್ತ ಬಂತು. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನೂ ನಾಲ್ಕು ಮಾತಾಡಬಹುದಿತ್ತು.

"ಕೂಸಿನ ಕೌದಿಗೆ ಕಬ್ಬಿಣ ಚುಚ್ಚತಾರೇನ ಯವ್ವಾ? ಒಂದು ಒಳಗ ಉಳಕೊಂಡ್ರ?"

"ನೋಡಿ ತಗೀತೀನ್ರಿ ಅತ್ತಿ."

"ಬ್ಯಾಡ. ಅಲ್ಲದ ನೀ ನಡುವಿಂದ ಹೊಂಟೀದಿ. ಕೌದಿ ಅಂಚಿನಿಂದ ಒಳಗ ಬರಬೇಕು. ಹೊಟ್ಟಿ ಕಡೀಕ ಮುಚ್ಚಬೇಕು, ರೊಟ್ಟಿ ಚೂರು ಇಟ್ಟು."

ಕೌದಿಯ ನಡುವೇ ಅದರ ಹೊಟ್ಟೆ, ಅದು ಖಾಲಿ ಇರಬಾರದೆಂದು ರೊಟ್ಟಿ ಚೂರು; ಕೈಯಲ್ಲಿ ಹೊಲಿಯುವವರ ಪದ್ಧತಿ ಅದು. ಕೈಸೂಜಿ ಬಟ್ಟೆಯನ್ನು ಎಳೆಯುವುದಿಲ್ಲ, ಹಾಗಾಗಿ ಅಂಚಿನಿಂದ ಸುತ್ತುತ್ತ ಸುತ್ತುತ್ತ ನಡುವಿಗೆ ಬರಬಹುದು. ಮಷೀನಿಗೆ ಇದು ತಿಳಿಯುವುದಿಲ್ಲ. ಹಾಗಾದರೆ ಕೈಯಲ್ಲೇ ಹೊಲಿಯುತ್ತೇನೆ ಎಂದರೆ, "ಮಷೀನು ಯಾಕ ಐತಿ ಮತ್ತ?" ಎಂದರು.

ಟಾಚಣಿ ಡಬ್ಬಿ ಅಟ್ಟಕ್ಕೆ ಹೋಯಿತು. ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಕ್ಲಿಪ್ಪು ಹಾಕಿದೆ; ಅವು ಅಂಚನ್ನಷ್ಟೇ ಹಿಡಿದವು, ಒಳಗಿನ ಬಟ್ಟೆ ತನ್ನ ಪಾಡಿಗೆ ಓಡಾಡಿತು. ಜಾಲಿಮುಳ್ಳು ಕಬ್ಬಿಣವಲ್ಲವಲ್ಲ ಎಂದು ಬಲು ಜಾಣಳಂತೆ ಮುಳ್ಳು ಚುಚ್ಚಿದೆ. ಒಂದನ್ನು ತೆಗೆಯುವುದು ಮರೆತು ಮಷೀನಿನ ಸೂಜಿ ಮುರಿಯಿತು. ಕುಷ್ಟಗಿಯಿಂದ ಸೂಜಿ ತರಲು ಗಂಡನಿಗೆ ಹೇಳಿದೆ. ದಿನಾ ಆ ಊರಿಗೆ ಕೆಲಸಕ್ಕೆ ಹೋಗಿ ಬರುವವರು ದಿನಾ ಮರೆತರು. ಹಟ ಬಂದು ಅನ್ನದ ಗಂಜಿ ಬಳಿದು ಪದರಗಳನ್ನು ಅಂಟಿಸಿದೆ. ಒಣಗಿದ ಮೇಲೆ ಹಪ್ಪಳದಂತೆ ಸೆಟೆದು ನಿಂತವು. ಗಂಡ ಕೊನೆಗೆ ಸೂಜಿ ತಂದ ಮೇಲೆ ಎಷ್ಟು ಛಲೋ ಹೊಲಿಗೆ ಬಿತ್ತೆಂದರೆ ಎರಡು ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಮೂರನೆಯ ದಿನ ನೋಡಿದರೆ ಗಂಜಿಯ ವಾಸನೆಗೆ ಇಲಿ ಬಂದು ಒಂದು ಮೂಲೆಯನ್ನೇ ತಿಂದಿತ್ತು.

"ಇಲಿ ಕಡಿದ ಬಟ್ಟಿ ಕೂಸಿಗೆ ಬ್ಯಾಡ" ಎಂದು ಅತ್ತೆ ಪೆಟ್ಟಿಗೆಯಿಂದ ಬೇರೆ ಇಳಕಲ್ ಸೀರೆಗಳನ್ನು ತಂದು, ಹೊಸದಾಗಿ ಹಾಸಿದರು. ಗಂಡನ ಹತ್ತಿರ ಹೋಗಿ ಕಣ್ಣೀರು ಹಾಕಿದೆ. "ಅವ್ವ ಹೇಳಿದಂಗ ಮಾಡಿಬಿಡು. ಯಾಕ ಸುಮ್ನ ತ್ರಾಸ ತಗೋತಿ?" ಎಂದರು ಅವರು. ತ್ರಾಸು ನಾನಾಗಿಯೇ ಅಂಗಡಿಗೆ ಹೋಗಿ ಕೊಂಡು ತಂದಿದ್ದೆನಲ್ಲ.

ಉಳಿದದ್ದು ಕಚ್ಚಾ ಹೊಲಿಗೆ. ಕೈಸೂಜಿಯಿಂದ ಉದ್ದುದ್ದ ಟಾಕು ಹಾಕಿ ಪದರಗಳನ್ನು ಹಿಡಿಸುವುದು, ಮಷೀನು ಹೊಡೆದ ಮೇಲೆ ಆ ದಾರ ಕಿತ್ತು ಹಾಕುವುದು. ಏಳನೆಯ ತಿಂಗಳ ಹೊಟ್ಟೆ ಇಟ್ಟುಕೊಂಡು ನೆಲದ ಮೇಲೆ ಬಗ್ಗಿ ಟಾಕು ಹಾಕಿದೆ. ಆಮೇಲೆ ಅತ್ತೆಯ ಮಾತಿನಂತೆ ಅಂಚಿನಿಂದ ಒಳಗೆ ಮಷೀನು ಹೊಡೆದೆ. ನಾಲ್ಕೂ ಕಡೆಯಿಂದ ಹೊಲಿಗೆ ಮುತ್ತಿಕೊಂಡು ಬಂದಂತೆ, ಹೆಚ್ಚಾದ ಬಟ್ಟೆಗೆ ಹೋಗಲು ದಾರಿಯೇ ಇರಲಿಲ್ಲ. ಎಲ್ಲ ನಡುವೆ ಬಂದು ಗುಡ್ಡೆಯಾಯಿತು. ಬಿಚ್ಚಿದೆ. ಮತ್ತೆ ಹೊಲಿದೆ. ಮತ್ತೆ ಗುಡ್ಡೆ. ಬಾಗಿಲು ತೆರೆದೇ ಇರುತ್ತಿತ್ತು, ಓಣಿಯಲ್ಲಿ ಜನ ಓಡಾಡುತ್ತಿದ್ದರು, ಯಾರೂ ನನ್ನನ್ನು ಕಟ್ಟಿ ಹಾಕಿರಲಿಲ್ಲ. ಆದರೂ ಎದ್ದು ಹೋಗಲು ಬರುತ್ತಿರಲಿಲ್ಲ.

ಒಂಬತ್ತರಲ್ಲಿ ಬೀಳುವಾಗ ಅವ್ವ ಹೇಳದೆ ಕೇಳದೆ ಬಂದಳು. ಕೌದಿ ನೋಡಿದಳು, ನನ್ನ ಊದಿದ ಕಾಲು ನೋಡಿದಳು. ಜಗಳ ತೆಗೆಯುತ್ತಾಳೆ ಎಂದುಕೊಂಡೆ. ತೆಗೆಯಲಿಲ್ಲ.

"ಅರ್ಧಕ್ಕ ಬಿಟ್ಟು ಹೋಗಬಾರದು, ಖರೇನ ಐತ್ರಿ ಅಕ್ಕಾರ. ಬಿಡೂದ್ಯಾಕ? ಕೌದೀನೂ ಹೊತ್ಕೊಂಡ ಹೋಗ್ತೀವಿ."

ಅತ್ತೆ ಕೌದಿ ಮಡಚಿ ಅವ್ವನ ಕೈಗಿಟ್ಟರು. "ಮುಗದ ದಿನ ತಿಳಸ್ರಿ. ಕರಿಯಾಕ ಬರ್ತೀವಿ" ಎಂದರು.

ಇರಕಲ್ಲಗಡದಲ್ಲಿ ನಾನು ಹೊಲಿಗೆ ಕಲಿತ ಹಳೆಯ ಮಷೀನು ಇತ್ತು. ಅವ್ವ ಹೊಲಕ್ಕೆ ಹೋದಾಗ ಗುಡ್ಡೆಯನ್ನೆಲ್ಲ ಬಿಚ್ಚಿ, ಟಾಚಣಿ ತರಿಸಿ, ನಡುವಿನಿಂದ ಹೊಲಿದು ಮುಗಿಸಿದೆ. ಕೌದಿ ರೊಟ್ಟಿಯಂತೆ ಚಪ್ಪಟೆಯಾಗಿ ಮಲಗಿತು. ಸಂಜೆ ತೋರಿಸೋಣವೆಂದು ಕಾದೆ. ಅವ್ವ ಕೈಕಾಲು ತೊಳೆದು ಬಂದವಳೇ, "ಕೌದಿಗೆ ಅವಸರ ಮಾಡಬ್ಯಾಡ ಮತ್ತ. ಮುಗೀತಂದ್ರ ಬಂದು ಎಳಕೊಂಡ ಹೋಗ್ತಾರ. ನಾ ಹೇಳೂತನಕ ಮುಟ್ಟಬ್ಯಾಡ" ಎಂದಳು. ಅಲ್ಲಿ ಮುಗಿಸು ಮುಗಿಸು ಎನ್ನುತ್ತ ಮುಗಿಸಗೊಡಲಿಲ್ಲ, ಇಲ್ಲಿ ಮುಗಿಸಲೇಬೇಡ. ಎರಡೂ ಮನೆಯಲ್ಲಿ ನನಗಿಂತ ಕೌದಿಗೇ ಬೆಲೆ ಹೆಚ್ಚು. ನನಗೆ ತಡೆಯಲಾರದ ಸಿಟ್ಟು ಬಂತು. ಕೌದಿಯನ್ನು ಟ್ರಂಕಿನ ತಳಕ್ಕೆ ತುರುಕಿ, ಯಾರಿಗೂ ಹೇಳದೆ ಸುಮ್ಮನಾದೆ.

ಅವ್ವನ ಕೈ ಹಿಡಿದೇ ಹೆತ್ತೆ. ನೋವೇನೂ ಕಡಿಮೆಯಾಗಲಿಲ್ಲ. ಹೆಣ್ಣು ಕೂಸು. ಬಾಣಂತನ ಮುಗಿದ ಮೇಲೂ ಅತ್ತೆ ಫೋನಿನಲ್ಲಿ "ಕೌದಿ ಆತೇನ?" ಎನ್ನುತ್ತಿದ್ದರು. ನಾನು "ಇನ್ನೂ ಐತ್ರಿ" ಎನ್ನುತ್ತಿದ್ದೆ. ಅವ್ವ ಹೊಲಕ್ಕೆ ಹೋದಾಗಷ್ಟೇ ಟ್ರಂಕು ತೆಗೆದು ಕೂಸನ್ನು ಅದರ ಮೇಲೆ ಮಲಗಿಸುತ್ತಿದ್ದೆ.

ಅಂಥ ಒಂದು ಮಧ್ಯಾಹ್ನ ಹೇಳದೆ ಅತ್ತೆ ಬಂದು ನಿಂತರು. ಮಡಚಿಡಲು ಸಮಯವಿರಲಿಲ್ಲ. ಕೂಸನ್ನು ಎತ್ತಿ ನನ್ನ ಕೈಗೆ ಕೊಟ್ಟು ಕೌದಿಯ ಮೇಲೆ ಅಂಗೈ ಆಡಿಸಿದರು, ಮೂಲೆಯಿಂದ ನಡುವಿನವರೆಗೆ, ನಿಧಾನವಾಗಿ. ಏನೂ ಚುಚ್ಚಲಿಲ್ಲ.

"ಟಾಚಣಿ ಹಚ್ಚಿ ಹೊಲದೀ?"

"ಹೂನ್ರಿ."

"ಯಾವಾಗ ಮುಗೀತು?"

"ಹೆರೂಕಿಂತ ಮೊದಲ."

ಅತ್ತೆ ಕೌದಿಯ ಅಂಚಿಗೆ ಕೂತರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ.

"ನನ್ನ ಒಂದು ಹೆರಿಗಿಗೂ ತವರಮನಿಗೆ ಕಳಸಲಿಲ್ಲ. ಕಳಸಿದ್ರ ನಾನೂ ಹಿಂಗ ಸುಳ್ಳ ಹೇಳತಿದ್ನಿ, ಕಾಣಸ್ತೈತಿ. ಬ್ಲೇಡ ಎಲ್ಲೈತಿ?"

ಮಷೀನಿನ ಮೇಲಿದ್ದ ಬ್ಲೇಡು ಕೊಟ್ಟೆ. ನಡುವಿನ ಒಂದು ದಾರ ಕತ್ತರಿಸಿ, ಉಗುರಿನಿಂದ ಎಬ್ಬಿಸಿ, ಸರ್ರನೆ ಎಳೆದರು.

"ಊರ ಅಗಸಿ ಬಾಗಲ ಕಡೆ ನಿನ್ನ ಗಂಡ ಗಾಡಿ ತಗೊಂಡ ಬಂದಾನ, ಕರಕೊಂಡ ಹೋಗಾಕ. ಕೌದಿ ಇನ್ನೂ ಆಗಿಲ್ಲ ಅಂತ ಹೇಳ್ತೀನಿ. ಎಷ್ಟು ದಿನ ಬೇಕು ನಿನಗ?"

ಯಾರೂ ಕೇಳಿರದ ಪ್ರಶ್ನೆ ಅದು. ಹದಿನೈದು ದಿನವೋ, ಒಂದು ವರ್ಷವೋ, ಬರುವುದೇ ಬೇಡವೋ, ಇವತ್ತೇ ಹೊರಡಬೇಕೋ, ನನಗೇ ಗೊತ್ತಿರಲಿಲ್ಲ.

"ಹೇಳವಾ" ಎಂದರು ಅತ್ತೆ. ನಾನು ಕೂಸನ್ನು ಹೆಗಲಿಗೆ ಹಾಕಿಕೊಂಡೆ. ಅವರು ಇನ್ನೊಂದು ಸಾಲು ಬಿಚ್ಚಿದರು.