ಮನೆ ಮಾರಲು ಬೇಡಿದ ಮಧುಕರಿ

ಅಫಜಲಪುರದ ನಮ್ಮ ಬಡಾವಣೆಯಲ್ಲಿ ವಂದನಾಳ ಮನೆಯಷ್ಟು ಚೆಂದದ ಮನೆ ಇನ್ನೊಂದಿಲ್ಲ. ಎದುರು ಮನೆಯವಳಾದ ನಾನೇ ಹೊಟ್ಟೆಕಿಚ್ಚುಪಟ್ಟಿದ್ದೇನೆ, ಸುಳ್ಳೇಕೆ ಹೇಳಲಿ. ಕೈ ಚಾಚಿದರೆ ಸಿಗುವ ಅಡುಗೆಮನೆ ಕಪಾಟುಗಳು, ಮಗಳು ಪ್ರಾಚಿಯ ಕೋಣೆಗೆ ಬೆಳಗಿನ ಬಿಸಿಲು, ಅತ್ತೆ ಮಥುರಾಬಾಯಿಯವರ ಮೊಣಕಾಲಿಗೆಂದು ಎಲ್ಲೂ ಹೊಸ್ತಿಲು ಎಡವದ ನೆಲ. ಗಂಡ ಸುಧೀರ ಗುತ್ತಿಗೆದಾರ. ತಾನೇ ನಿಂತು ಕಟ್ಟಿಸಿದ್ದ. ರಾಹುಕಾಲದಲ್ಲೇ ಸ್ಲ್ಯಾಬ್ ಹಾಕಿಸಿ, ಗೊಣಗಿದವರನ್ನು ನೋಡಿ ನಕ್ಕಿದ್ದ. ಇಬ್ಬರ ದುಡಿಮೆಯೆಲ್ಲ ಆ ಗೋಡೆಗಳಿಗೇ ಹೋಗಿತ್ತು.

ಈಗ ಸುಧೀರನ ಎರಡೂ ಕಿಡ್ನಿ ಕೈಕೊಟ್ಟಿವೆ. ರಕ್ತ ಶುದ್ಧ ಮಾಡಿಸಲು ದಿನ ಬಿಟ್ಟು ದಿನ ಕಲಬುರಗಿಗೆ ಹೋಗಬೇಕು. ಹೃದಯವೂ ಸೋತಿದೆ. ಈ ಓಡಾಟವೇ ಅವನನ್ನು ಕೊಲ್ಲುತ್ತದೆ, ಆಸ್ಪತ್ರೆಯ ಹತ್ತಿರ ಮನೆ ಮಾಡಿ ಎಂದು ಡಾಕ್ಟರು ಖಂಡಿತವಾಗಿ ಹೇಳಿಬಿಟ್ಟರು. ಇದನ್ನು ಮಾರದೆ ಅಲ್ಲಿಗೆ ಹೋಗುವ ದಾರಿಯಿಲ್ಲ.

ರೋಗಿಯಿರುವ ಮನೆಯೆಂದರೆ ಗಿರಾಕಿ ಹಿಂಜರಿಯುತ್ತಾನೆ. ಅದಕ್ಕೇ ಯಾರಾದರೂ ನೋಡಲು ಬಂದರೆ ವಂದನಾ ಗಂಡನನ್ನು ನಮ್ಮ ಮನೆಗೆ ಕಳಿಸುತ್ತಿದ್ದಳು. ಜೇವರ್ಗಿಯ ತೊಗರಿ ವ್ಯಾಪಾರಿ ಜಗದೇವಪ್ಪ, ಹೆಂಡತಿ ಶಾರದಾಬಾಯಿಯೊಡನೆ ಬಂದಾಗಲೂ ಅವನು ನಮ್ಮಲ್ಲೇ ಇದ್ದ. ಅವರಿಗೆ ಮನೆ ಹಿಡಿಸಿತು. “ಅಮಾಸಿ ಕಳೀಲಿ, ಬಂದು ಮುಂಗಡ ಕೊಡ್ತೇವ್ರಿ” ಎಂದು ಹೋದರು.

ಈ ನಡುವೆ ಮಥುರಾಬಾಯಿ ಸೊಸೆಗೆ ಹೇಳಿದರು: “ಗಾಣಗಾಪುರಕ್ಕ ಹೋಗಿ ಮಧುಕರಿ ಬೇಡು. ದತ್ತ ಮಹಾರಾಜ ಕೈಬಿಡೂದಿಲ್ಲ.” ಅಲ್ಲಿ ಮಧ್ಯಾಹ್ನ ಜೋಳಿಗೆ ಹಿಡಿದು ಐದು ಮನೆ ಭಿಕ್ಷೆ ಬೇಡುವ ಹರಕೆ ಅದು, ಸಿರಿವಂತರೂ ಬೇಡುತ್ತಾರೆ. ವಂದನಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಇಂಥದ್ದನ್ನೆಲ್ಲ ನಂಬಿದವಳಲ್ಲ. ಆದರೂ ಹೋದಳು. ಮುಳುಗುವವಳಿಗೆ ಏನು ಸಿಕ್ಕರೂ ಬೇಕು.

ಅಮಾವಾಸ್ಯೆಯ ಆ ದಿನ ಶಾರದಾಬಾಯಿಯೂ ಅಲ್ಲಿಗೆ ಬಂದು, ಬೇಡುವವರಿಗೆ ಹುಗ್ಗಿ ಬಡಿಸುತ್ತಿದ್ದರು. ವಂದನಾಳ ಮುಖ ನೋಡಿ ಅವರ ಸೌಟು ನಿಂತಿತು. ಕೊನೆಗೆ ಬಡಿಸಿದರು. ವಂದನಾ ಕುಣಿಯುತ್ತಲೇ ನಮ್ಮ ಮನೆಗೆ ಬಂದಳು. “ಅವರ ಕೈಯಿಂದನ ಬಿತ್ತು ನೋಡ್ರಿ ವೈನಿ! ಇನ್ನ ಮನಿ ಮಾರಿದಂಗನ.”

ಜಗದೇವಪ್ಪ ಬರಲಿಲ್ಲ. ಕಾದು ಕಾದು ಇವಳೇ ಫೋನು ಮಾಡಿದಳು, ಸ್ಪೀಕರ್ ಹಾಕಿ, ನನ್ನ ಮತ್ತು ಸುಧೀರನ ಎದುರಿಗೇ.

“ಅಕ್ಕಾರ, ಗಾಣಗಾಪುರದಾಗ ಸುಮ್ಮಸುಮ್ಮನ ಯಾರ್ ಬೇಡ್ತಾರ್ರಿ? ಗಾಳಿ ಹತ್ತಿದವರ ಬೇಡೂದು. ಆ ಮನ್ಯಾಗ ಏನರ ಅದ ಅಂತಾಳ ನಮ್ಮಾಕಿ.”

ಭೂತ ಬಿಡಿಸಿಕೊಳ್ಳಲು ಬಂದವರು ಆರತಿಯ ಹೊತ್ತಿಗೆ ಅಲ್ಲಿ ಕಂಬ ಹತ್ತಿ ಚೀರುವುದನ್ನು ಹುಟ್ಟಿದಾಗಿನಿಂದ ನೋಡಿದವರು ನಾವು. ಆದರೂ ನಮ್ಮಲ್ಲೊಬ್ಬರಿಗೂ ಇದು ಹೊಳೆದಿರಲಿಲ್ಲ. ನಮ್ಮ ಬುದ್ಧಿಗೆ ಬೆಂಕಿ ಹಾಕಬೇಕು.

ವಂದನಾ ಮುಚ್ಚಿಟ್ಟದ್ದನ್ನು ಹೇಳಿಬಿಟ್ಟಳು. “ಗಾಳಿ ಅಲ್ಲರಿ ಅಣ್ಣಾರ. ನಮ್ಮ ಮನಿಯವರ ಕಿಡ್ನಿ ಹೋಗ್ಯಾವ. ಆಸ್ಪತ್ರಿ ಹತ್ರ ಇರಬೇಕಾಗ್ಯದ, ಅದಕ್ಕ ಮಾರಾಕತ್ತೇವಿ. ನಿಮಗ ಕೈ ಮುಗೀತೇನ್ರಿ.”

ಜಗದೇವಪ್ಪ ಕೇಳಿದರು: “ಬ್ಯಾನಿ ಈ ಮನಿ ಹೊಕ್ಕ ಮ್ಯಾಲ ಹತ್ತಿತೋ, ಮೊದಲೋ?”

ಹೊಕ್ಕ ಮರುವರ್ಷವೇ. ಮೊದಲು ಎಂದು ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಗಂಡನ ಎದುರಿಗೆ ಅದನ್ನು ಹೇಳಲಾರದೆ ಅವಳು ಫೋನನ್ನು ನನ್ನ ಕೈಗಿಟ್ಟಳು.

“ತಿಳೀತ್ರಿ ಅಕ್ಕಾರ. ಅವರಿಗೆ ಗುಣ ಆಗ್ಲಿ” ಎಂದು ಜಗದೇವಪ್ಪ ಮರ್ಯಾದೆಯಿಂದಲೇ ಫೋನಿಟ್ಟರು.

ಊರಿನ ಬಾಯಿಗೆ ಬೀಗವಿಲ್ಲ. ವಾರ ಕಳೆಯುವುದರೊಳಗೆ ಕೆಲಸದವಳೂ ಬಿಟ್ಟಳು. ಅದನ್ನಾದರೂ ಸಹಿಸಬಹುದಿತ್ತು. ಒಂದು ಬೆಳಿಗ್ಗೆ ಸುಧೀರ, ಆ ನಗುತ್ತಿದ್ದ ಸುಧೀರ, ಹೆಂಡತಿಯನ್ನು ಕೇಳಿದ: “ಖರೇ ಹೇಳು ವಂದನಾ, ನಮ್ಮ ಕೋಣ್ಯಾಗ ಏನರ ಅದ ಏನ? ಒಳಗ ಬಂದ್ರ ಉಸಿರು ಹಿಡೀತದ.” ಮಂಚವನ್ನು ಕಾರು ನಿಲ್ಲಿಸುವ ಜಾಗಕ್ಕೆ ಎಳೆಸಿಕೊಂಡ. ಇವಳು ಬೈದಳು, ಅತ್ತಳು, ಕಾಲು ಹಿಡಿದಳು. ಅವನು ಒಳಗೆ ಹೋಗಲಿಲ್ಲ.

ಮೊನ್ನೆ ಆಳಂದದಿಂದ ಒಂದು ಕುಟುಂಬ ಮೊದಲೇ ತಿಳಿಸದೆ ಮನೆ ನೋಡಲು ಬಂತು. ವಂದನಾ ಸೆರಗು ಸರಿಮಾಡಿಕೊಳ್ಳುತ್ತ ಗೇಟಿಗೆ ಓಡಿದಳು.

“ಬರ್ರಿ, ಒಳಗ ಬಂದು ನೋಡ್ರಿ. ಭಾಳ ಛಲೋ ಮನಿ ಅದ.”

ಬಂದವನು ಮಂಚದ ಮೇಲಿದ್ದ ಸುಧೀರನ ಕಡೆ ನೋಡಿ, ಅಲ್ಲೇ ನಿಂತು ಕೇಳಿದ:

“ಹಂಗಾದ್ರ ಮಾಲಕರು ಯಾಕ್ರಿ ಹೊರಗ ಮಲಗ್ಯಾರ?”