ಚಿತ್ರದ ಕೆಳಗೆ ಒಂದು ಹೆಸರು

ಕೊಳ್ಳೇಗಾಲದ ದೇವಾಂಗ ಪೇಟೆಯ ಚೌಡೇಶ ಇಪ್ಪತ್ತಾರು ವರ್ಷಗಳಿಂದ ರೇಷ್ಮೆ ಸೀರೆ ನೇಯುತ್ತಿದ್ದಾನೆ. ಎಷ್ಟು ಹೆಣ್ಣುಮಕ್ಕಳು ಅವನ ಸೀರೆ ಉಟ್ಟು ಹಸೆಮಣೆ ಏರಿದ್ದಾರೋ ದೇವರಿಗೇ ಗೊತ್ತು. ಒಂದು ಸೀರೆಯ ಮೇಲೂ ಅವನ ಹೆಸರಿಲ್ಲ. ಸೆರಗಿನ ತುದಿಗೆ ಸಾಹುಕಾರ ಶಿವನಂಜಯ್ಯನ ಅಂಗಡಿಯ ಚೀಟಿ ಅಂಟುತ್ತದೆ, ಅಷ್ಟೆ. ಇದೊಂದು ಕೊರತೆ ಎಂದು ಆ ಬೀದಿಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ನಲವತ್ನಾಲ್ಕನೇ ವಯಸ್ಸಿನಲ್ಲಿ ಚೌಡೇಶನಿಗೆ ಅನ್ನಿಸಿತು. ಅವನ ಕೇಡುಗಾಲ ಶುರುವಾದದ್ದು ಅಲ್ಲಿಂದ.

ಮಗ್ಗದ ಮುಂದೆ ಫೋನು ನಿಲ್ಲಿಸಿಕೊಂಡು ಏನಾದರೂ ಕೇಳುತ್ತಾ ನೇಯುವುದು ಅವನ ರೂಢಿ. ಹಾಗೆ ಕೇಳುತ್ತಿದ್ದಾಗ ಸಿಕ್ಕವನು ಮೈಸೂರಿನ ಹರ್ಷವರ್ಧನ್. ಬೆಟ್ಟ, ಕಾಡು, ಹಕ್ಕಿಗಳ ಫೋಟೊ ತೆಗೆಯುವುದನ್ನು ಆನ್‌ಲೈನಿನಲ್ಲಿ ಕಲಿಸುತ್ತಿದ್ದ. ಬೆಣ್ಣೆಯಂಥ ಮಾತು. ಭಾನುವಾರ ಬೆಳಿಗ್ಗೆ ಪಾಠ, ವಾರವಿಡೀ ವಾಟ್ಸಾಪ್ ಗುಂಪಿನಲ್ಲಿ ಚರ್ಚೆ. ಗುಂಪಿನ ಹೆಸರು 'ಕಾಡುಗಣ್ಣು'. ಮುನ್ನೂರು ಜನರಲ್ಲಿ ಡಾಕ್ಟರು, ಬ್ಯಾಂಕಿನವರು, ಕಾಲೇಜು ಮೇಷ್ಟರು ಎಲ್ಲರೂ ಇದ್ದರು. ನೇಕಾರ ಇವನೊಬ್ಬನೇ. ಮದುವೆ ಫೋಟೊ ತೆಗೆಯುವ ಸ್ಟುಡಿಯೊ ದಿನೇಶನ ಬಳಿ ಹಳೇ ಕ್ಯಾಮೆರಾ ಕೊಂಡು ಚೌಡೇಶನೂ ಸೇರಿಕೊಂಡ.

ಹೆಂಡತಿ ಭಾಗ್ಯಮ್ಮ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಾ ಆಡಿದ ಮಾತು ಇಷ್ಟು. "ಸೀರೆ ಮ್ಯಾಲ ಯಸರಿಲ್ದಿದ್ರ ಅನ್ನ ಸೇರದಿಲ್ವಾ ನಿಮಗ? ನಾನೂ ಇಪ್ಪತ್ತೊರ್ಸದಿಂದ ಕಂಡಿಕೆ ಸುತ್ತಿವ್ನಿ. ನನ್ನೆಸರ ಯಾವ್ ಗ್ವಾಡೆ ಮ್ಯಾಲ ಬರಿಸ್ಲಿ?"

"ನೋಡ್ತಿರು, ಒಂದಿನ ಬತ್ತದ," ಎಂದ ಚೌಡೇಶ. ಆಕೆ ಕೇಳದೆಯೇ ಕೊಟ್ಟ ಮಾತು ಅದು.

ನೇಕಾರರಿಗೆ ಅಮಾವಾಸ್ಯೆ ಬಿಡುವು, ಆ ದಿನ ಮಗ್ಗ ಮುಟ್ಟುವುದಿಲ್ಲ. ಊರಿನ ಜನವೆಲ್ಲ ಮಾದಪ್ಪನ ಬೆಟ್ಟದ ಬಸ್ಸಿಗೆ ನುಗ್ಗುವ ಹೊತ್ತಿಗೆ ಇವನು ಹಳೇ ಮೊಪೆಡ್ಡು ತಿರುಗಿಸಿಕೊಂಡು ಎದುರು ದಿಕ್ಕಿಗೆ, ಯಳಂದೂರಿನ ಕಡೆಗೆ ಹೊರಡುತ್ತಿದ್ದ. ತಿಂಗಳಿಗೊಂದೇ ದಿನ. ಅಷ್ಟರಲ್ಲೇ ಕಲಿಯಬೇಕು.

ಮೊದಲು ಕಳಿಸಿದ ಚಿತ್ರ ಸಂಜೆಯ ಗದ್ದೆಬಯಲು. ಬಣ್ಣ ಚೆನ್ನಾಗಿತ್ತು, ಆದರೆ ಆಕಾಶದ ಅಡ್ಡಕ್ಕೆ ಎರಡು ಕರೆಂಟು ತಂತಿ. ಗುಂಪು ನಕ್ಕಿತು. "ವಿದ್ಯುತ್ ಇಲಾಖೆಯ ಕ್ಯಾಲೆಂಡರಿಗೆ ಕಳಿಸಿ ಸಾರ್, ಖಂಡಿತ ಹಾಕ್ಕೋತಾರೆ" ಎಂದು ಡಾಕ್ಟರೊಬ್ಬರು ಬರೆದರು, ನಲವತ್ತು ಜನ ಹಲ್ಲು ಕಿರಿಯುವ ಗುರುತು ಒತ್ತಿದರು. ಹರ್ಷವರ್ಧನ್ ಮಾತ್ರ ಮೃದುವಾಗಿ ಹೇಳಿದ: "ಫ್ರೇಮಿನೊಳಗೆ ಕಣ್ಣಿಗೆ ಚುಚ್ಚೋದು ಒಂದೂ ಇರಬಾರದು ಚೌಡೇಶ್. ನೋಡೋರ ಕಣ್ಣು ಎಲ್ಲೂ ಎಡವಬಾರದು."

ಈ ಮಾತು ಚೌಡೇಶನ ಎದೆಗೇ ಇಳಿಯಿತು. ಅವನ ಅಪ್ಪ ಮಗ್ಗದ ಮೇಲೆ ಕೂರಿಸಿ ಕಲಿಸಿದ್ದೂ ಇದನ್ನೇ ಅಲ್ಲವೆ? ಉದ್ದಕ್ಕೆ ಹಾಸಿದ ಎಳೆ ಹರಿಯುತ್ತದೆ, ಹರಿಯದ ರೇಷ್ಮೆ ಲೋಕದಲ್ಲಿಲ್ಲ. ಬೆರಳಿಗೆ ಚಿಟಿಕೆ ಬೂದಿ ಮುಟ್ಟಿಸಿ, ಎರಡು ತುದಿಯನ್ನೂ ಹೊಸೆದು, ಗಂಟು ಕಾಣದ ಹಾಗೆ ಸೇರಿಸಬೇಕು. ಸೀರೆ ಕೊಳ್ಳುವವಳು ಬೆಳಕಿಗೆ ಹಿಡಿದು ನೋಡಿದರೂ ಎಲ್ಲಿ ಹರಿದಿತ್ತೆಂದು ಗೊತ್ತಾಗಬಾರದು. ಗೊತ್ತಾದರೆ ಅವನು ನೇಕಾರನಲ್ಲ. ಆ ಬೀದಿಯಲ್ಲಿ ಒಬ್ಬನನ್ನು ಹೊಗಳಬೇಕಾದರೆ, ಅವನು ಸೇರಿಸಿದ ಎಳೆ ಅವನಿಗೇ ಸಿಕ್ಕುವುದಿಲ್ಲ ಎನ್ನುತ್ತಾರೆ. ಚೌಡೇಶನನ್ನು ಹಾಗೆ ಹೊಗಳುತ್ತಿದ್ದರು.

ಒಂದೂವರೆ ವರ್ಷದಲ್ಲಿ ಗುಂಪಿನವರು ನಗುವುದನ್ನು ಬಿಟ್ಟರು. ಬಣ್ಣಗಳ ವಿಷಯದಲ್ಲಿ ಅವನ ಕಣ್ಣಿಗೆ ಎದುರಿಲ್ಲ ಎಂಬುದು ಎಲ್ಲರಿಗೂ ತಿಳಿಯಿತು. ನಕ್ಕಿದ್ದ ಡಾಕ್ಟರೇ 'ನಮ್ಮ ಚೌಡೇಶಣ್ಣ' ಎನ್ನತೊಡಗಿದರು. ಗುಂಪು ನೋಡಿಕೊಳ್ಳುತ್ತಿದ್ದ ವಾಣಿಶ್ರೀ ಎಂಬ ಹೆಣ್ಣುಮಗಳು ವಾರಕ್ಕೊಮ್ಮೆ ಫೋನು ಮಾಡಿ, ಹೊಸಬರಿಗೆ ನಾಲ್ಕು ಮಾತು ಹೇಳಿಕೊಡಿ ಎಂದು ಕೇಳುವಳು. ಆಮೇಲೆ ಬಂತು ಪ್ರದರ್ಶನದ ಸುದ್ದಿ. ಮೈಸೂರಿನಲ್ಲಿ ಗುಂಪಿನ ಹನ್ನೆರಡು ಚಿತ್ರಗಳನ್ನು ಗೋಡೆಗೆ ತೂಗುಹಾಕುತ್ತಾರೆ, ಒಂದೊಂದರ ಕೆಳಗೂ ತೆಗೆದವರ ಹೆಸರು ಮತ್ತು ಊರು. ಚೌಡೇಶನಿಗೆ ಬೇಕಾಗಿದ್ದದ್ದು ಇದೊಂದೇ.

ಮಾರ್ಗಶಿರದ ಅಮಾವಾಸ್ಯೆಯ ಬೆಳಿಗ್ಗೆ ಯಳಂದೂರು ದಾಟಿ, ಬಿಳಿಗಿರಿರಂಗನ ಬೆಟ್ಟದ ಬುಡದ ಕೆರೆ ಏರಿಯ ಮೇಲೆ ನಿಂತಿದ್ದ. ಕೆರೆ ಮುಚ್ಚಿದ್ದ ಮಂಜು ನಿಧಾನಕ್ಕೆ ಎದ್ದಿತು. ಬೆಟ್ಟದ ಬಿಳಿಬಂಡೆಗೆ ಮೊದಲ ಬಿಸಿಲು ಬಿತ್ತು. ಅದೇ ಹೊತ್ತಿಗೆ ಐದು ಕೊಕ್ಕರೆಗಳು ಬಂಡೆಯ ಎದುರಿಗೇ ಸಾಲಾಗಿ ಹಾದುಹೋದವು. ಮೂರು ಸಲ ಒತ್ತಿದ. ಮನೆಗೆ ಬಂದು ನೋಡಿದರೆ ಎರಡನೆಯದು ಅವನ ಆಯಸ್ಸಿನಲ್ಲೇ ಮತ್ತೆ ಸಿಗದಂಥ ಚಿತ್ರ. ಅದರ ಮೇಲೆ, ಈ ತುದಿಯಿಂದ ಆ ತುದಿಗೆ, ಒಂದು ತಂತಿ.

ಚೌಡೇಶ ಅತ್ತೇಬಿಟ್ಟ. ಅತ್ತು ಮುಗಿಸಿ, ಮುಖ ತೊಳೆದು, ಹರಿದ ಎಳೆಗೆ ಕೂರುವ ಹಾಗೆ ಕೂತ. ಫೋನಿನಲ್ಲೇ ಚಿತ್ರವನ್ನು ಹಿಗ್ಗಿಸಿ, ಪಕ್ಕದ ಮಂಜಿನ ಬಣ್ಣವನ್ನೇ ಚುಕ್ಕಿ ಚುಕ್ಕಿಯಾಗಿ ತಂದು ತಂತಿಯ ಮೇಲೆ ಕೂರಿಸಿದ. ನಾಲ್ಕು ದಿನ ಹಿಡಿಯಿತು. ಪ್ರದರ್ಶನದ ನಿಯಮಗಳಲ್ಲಿ ಚಿತ್ರಕ್ಕೆ ಏನನ್ನೂ ಸೇರಿಸಬಾರದು, ಏನನ್ನೂ ತೆಗೆಯಬಾರದು ಎಂದಿತ್ತು. ಓದಿದ್ದ. ಇಲ್ಲದ ಹುಲಿ ತಂದು ನಿಲ್ಲಿಸುವವರಿಗೆ ಹೇಳಿದ್ದು ಎಂದುಕೊಂಡ. ತಾನು ಏನು ಮಾಡಿದೆ? ಹರಿದಲ್ಲಿ ಸೇರಿಸಿದೆ, ಅಷ್ಟೆ.

ಹನ್ನೆರಡರಲ್ಲಿ ಅವನ ಚಿತ್ರ ಮೊದಲನೆಯದಾಗಿ ಆಯ್ಕೆಯಾಯಿತು. ಸುದ್ದಿ ಕೇಳಿದ ಭಾಗ್ಯಮ್ಮ ಆ ರಾತ್ರಿ ಊಟಕ್ಕೆ ಒಬ್ಬಟ್ಟು ಮಾಡಿದಳು. ಮುಂದಿನ ಭಾನುವಾರದ ವೀಡಿಯೊ ಪಾಠದಲ್ಲಿ ಮುನ್ನೂರು ಜನರ ಮುಂದೆ ಹರ್ಷವರ್ಧನ್ ಅವನನ್ನು ಮಾತಿಗೆ ಕರೆದ.

"ಅದೇ ಕೆರೆಗೆ ನಾನೇ ಹತ್ತು ಸಲ ಹೋಗಿ ಬರಿಗೈಲಿ ಬಂದಿದ್ದೀನಿ ಚೌಡೇಶ್. ಎಲ್ಲಿ ನಿಂತ್ರೂ ಆ ಕರೆಂಟ್ ಲೈನ್ ಅಡ್ಡ ಬರುತ್ತೆ. ನೀವು ಹೇಗೆ ತಪ್ಪಿಸಿದ್ರಿ? ಎಲ್ಲರಿಗೂ ಹೇಳಿ."

"ತಪ್ಪಿಸ್ಲಿಲ್ಲ ಸಾ, ತಂತಿ ಇತ್ತು. ನಾನು ತಗ್ದಾಕ್ದಿ," ಎಂದ ಚೌಡೇಶ. ಹಿಗ್ಗಿನಿಂದ ಫೋನಿನ ಹತ್ತಿರಕ್ಕೆ ಬಾಗಿದ. "ನಾಕ್ ದಿನ ಕೂತಿದ್ದಿ ಸಾ. ಒಂದೊಂದೇ ಚುಕ್ಕಿ ಸೇರ್ಸಿದಿ. ಎಲ್ಲಿ ಸೇರ್ಸಿದಿ ಅಂತ ಈಗ ನನಗೇ ಸಿಕ್ಕಲ್ಲ, ನೋಡಿ ಬೇಕಾರ!"

ಯಾರೂ ಮಾತಾಡಲಿಲ್ಲ. ಅದನ್ನವನು ಮೆಚ್ಚುಗೆ ಎಂದುಕೊಂಡ, ಬಡಪಾಯಿ. ಕ್ಯಾಮೆರಾದಿಂದ ಬಂದ ಮೂಲ ಚಿತ್ರ ಇದೆಯೇ ಎಂದು ಹರ್ಷವರ್ಧನ್ ಕೇಳಿದ. "ಅದ ಸಾ" ಎಂದು, ಕೇಳಿದ ಮರುಗಳಿಗೆಗೇ ಕಳಿಸಿಕೊಟ್ಟ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ತಾನೇ ಕೈಚಳಕ ಗೊತ್ತಾಗುವುದು!

ಹರ್ಷವರ್ಧನ್ ಅಕ್ಕಪಕ್ಕ ಇಟ್ಟ. ಎಲ್ಲರಿಗೂ ತೋರಿಸಿದ. "ಇದನ್ನ ಮೋಸ ಅಂತಾರೆ ಚೌಡೇಶ್," ಎಂದ. ಅದೇ ಬೆಣ್ಣೆಯ ದನಿ. "ನಿಮ್ಮನ್ನ ನಂಬಿದ್ದೆ. ನಿಮ್ಮಂಥೋರಿಗೆ ಜಾಗ ಕೊಟ್ಟಿದ್ದು ನನ್ನ ತಪ್ಪು."

"ಮೋಸ ಎಲ್ಲಿ ಬಂತು ಸಾ? ನಾನೇ ಏಳ್ದಿನಲ್ಲ..." ಎಂದು ಶುರುಮಾಡಿದ. ಅಷ್ಟರಲ್ಲಿ ಅವನ ಮೈಕು ಮುಚ್ಚಿದರು. ಮುಂದಿನ ಇಪ್ಪತ್ತು ನಿಮಿಷ ಅವನ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ. ಗುಂಪಿನಲ್ಲಿ ಮೆಸೇಜು ಮಳೆಯಂತೆ ಸುರಿಯಿತು. "ಬಣ್ಣ ಬಳಿದು ಮಾರೋದೇ ಅಲ್ವಾ ಇವರ ಕಸುಬು" ಎಂದೊಬ್ಬರು. "ಇವನ ರೇಷ್ಮೆಯೂ ಪಾಲಿಯೆಸ್ಟರ್ ಇರಬೇಕು, ನನ್ನ ಹೆಂಡತಿಯ ಸೀರೆ ಚೆಕ್ ಮಾಡಿಸ್ತೀನಿ" ಎಂದು ಡಾಕ್ಟರು. ತಂತಿ ಇದ್ದಾಗ ನಕ್ಕವರೇ ಈಗ ತಂತಿ ತೆಗೆದದ್ದಕ್ಕೆ ಉಗಿದರು. ಕೊನೆಗೆ ಗುಂಪಿನಿಂದ ಹೊರಹಾಕಿದರು.

ಸಂಜೆ ವಾಣಿಶ್ರೀ ಗುಟ್ಟಾಗಿ ಫೋನು ಮಾಡಿದಳು. "ಎಲ್ರೂ ತಂತಿಗಿಂತಿ ತೆಗೀತಾರೆ ಚೌಡೇಶಣ್ಣ. ಆ ಹನ್ನೆರಡರಲ್ಲಿ ಐದಕ್ಕೆ ನಾನೇ ತೆಗೆದುಕೊಟ್ಟಿದ್ದೀನಿ, ಸಾರ್‌ದೂ ಸೇರಿ. ನೀವ್ಯಾಕೆ ಬಾಯಿಬಿಟ್ರಿ?" ಸಮಾಧಾನಕ್ಕೆಂದೇ ಹೇಳಿದ್ದು. ಅದು ಅವನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮನೆಯಲ್ಲಿ, ಪ್ರದರ್ಶನ ಮುಂದಕ್ಕೆ ಹೋಗಿದೆ ಎಂದ. ಭಾಗ್ಯಮ್ಮ ನಂಬಿದಳು. ನಂಬಿದ್ದಲ್ಲದೆ, ಮೈಸೂರಿಗೆ ಉಟ್ಟುಕೊಂಡು ಹೋಗಲು ಒಂದು ಸೀರೆ ತೆಗೆದು ಪಕ್ಕಕ್ಕಿಟ್ಟಳು. ಇವನು ಕ್ಯಾಮೆರಾವನ್ನು ಅಟ್ಟಕ್ಕೆ ಹಾಕಿ, ಬಾಯಿ ಹೊಲಿದುಕೊಂಡು ನೇಯ್ದ. ಮೂರು ಅಮಾವಾಸ್ಯೆ ಕಳೆದವು.

ಒಂದು ಮಧ್ಯಾಹ್ನ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದವನಿಗೆ ಜಗುಲಿಯಿಂದ ಭಾಗ್ಯಮ್ಮನ ಕೂಗು ಕೇಳಿಸಿತು. ಫೋನಿನಲ್ಲಿ ಏನೋ ನೋಡುತ್ತಿದ್ದವಳಿಗೆ ಗಂಡ ತೆಗೆದ ಚಿತ್ರ ಸಿಕ್ಕಿತ್ತು. ಹರ್ಷವರ್ಧನ್ ಹೊಸ ತಂಡಕ್ಕೆ ಜನ ಸೇರಿಸಲು ತನ್ನ ಪಾಠದ ಒಂದು ತುಣುಕನ್ನು ಊರಿಗೆಲ್ಲ ಬಿಟ್ಟಿದ್ದ. ಬಂಡೆ, ಮಂಜು, ಐದು ಕೊಕ್ಕರೆ. ಕೊಕ್ಕರೆಗಳ ಮೇಲೆ, ತಂತಿ ಇದ್ದ ಕಡೆ, ಒಂದು ಕೆಂಪು ಸುತ್ತು. ಕೆಳಗೆ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಎರಡು ಸಾಲು. ಭಾಗ್ಯಮ್ಮನಿಗೆ ಇಂಗ್ಲಿಷ್ ಬಾರದು, ಆದರೆ ಬ್ಯಾಂಕಿನ ಪುಸ್ತಕದಲ್ಲಿ ದಿನಾ ನೋಡುವ ಗಂಡನ ಹೆಸರು, ಬಸ್ಸಿನ ಮೇಲೆ ನೋಡುವ ಊರಿನ ಹೆಸರು ಗುರುತು ಸಿಗದೆ ಇರುತ್ತದೆಯೇ?

"ಬಂದದ ಕಣ್ರಿ! ನಿಮ್ಮೆಸರು ಬಂದದ!" ಎಂದು ಓಡಿಬಂದಳು. ಹಾಗೇ ಬೀದಿಗೆ ಓಡಿದಳು. ಎದುರುಮನೆಯ ರಾಮಮ್ಮಜ್ಜಿಯನ್ನು ಕೈಹಿಡಿದು ಕರೆತಂದಳು. ಹಿಂದೆಯೇ ಏಳೆಂಟು ಹೆಂಗಸರು, ಪಕ್ಕದ ಮಗ್ಗದ ಗಂಡಸರು ಬಂದರು. ಮೂರು ಸಾವಿರ ಜನ ನೋಡಿದ್ದಾರೆ ಎಂದು ಯಾರೋ ಅಂಕಿ ಓದಿ ಹೇಳಿದರು. ಭಾಗ್ಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ವರ್ಷ ಆಡಿಕೊಂಡದ್ದಕ್ಕೆ ಎಲ್ಲರ ಎದುರಿಗೇ ತನ್ನನ್ನು ತಾನೇ ಬೈದುಕೊಂಡಳು.

"ಮ್ಯಾಲಿನ ಸಾಲ್ನಲ್ಲಿ ಏನ್ ಬರ್ದವರ?" ಎಂದಳು ರಾಮಮ್ಮಜ್ಜಿ.

ಚೌಡೇಶ ಕುಣಿಯಿಂದ ಮೇಲೇಳಬೇಕಿತ್ತು. ಫೋನು ಕಿತ್ತುಕೊಳ್ಳಬೇಕಿತ್ತು. ಲಾಳಿ ಹಿಡಿದು ಕೂತೇ ಇದ್ದ. "ಏನೂ ಇಲ್ಲ ಕಣಜ್ಜಿ, ಸುಮ್ನ ಏನೋ ಬರ್ದವರ," ಎಂದ.

"ಇವರ್ಗ ನಾಚ್ಕ. ತಡೀರಿ, ಇಂಚರ ಬರೋ ಹೊತ್ತಾಯ್ತು," ಎಂದಳು ಭಾಗ್ಯಮ್ಮ.

ಇಂಚರ ಅವರ ಮಗಳು, ಇಂಗ್ಲಿಷ್ ಮೀಡಿಯಂ ಏಳನೇ ತರಗತಿ. ಬ್ಯಾಗು ಇಳಿಸುವುದಕ್ಕೂ ಬಿಡದೆ ಫೋನು ಕೈಗಿಟ್ಟರು. ಅಪ್ಪನ ಹೆಸರು ನೋಡಿ ಅವಳ ಮುಖ ಅರಳಿತು. ಶಾಲೆಯಲ್ಲಿ ಕಲಿಸಿದ ಹಾಗೆ ನೆಟ್ಟಗೆ ನಿಂತು, ಗಟ್ಟಿ ದನಿಯಲ್ಲಿ ಇಂಗ್ಲಿಷಿನಲ್ಲಿ ಪೂರ್ತಿ ಓದಿದಳು. ಜನ ಭೇಷ್ ಅಂದರು. ಅದೇ ದನಿಯಲ್ಲಿ ಕನ್ನಡದ ಅರ್ಥ ಹೇಳತೊಡಗಿದಳು.

"ಮೋಸದ ಚಿತ್ರ ಹೇಗಿರುತ್ತೆ ಅಂತ ನೋಡಿ. ಇಂಥವರನ್ನ ಗುರುತಿಸೋದು ಕಲೀರಿ. ಚೌಡೇಶ, ಕೊಳ್ಳೇ..."

ಊರಿನ ಹೆಸರು ಅವಳ ಬಾಯಲ್ಲೇ ಉಳಿಯಿತು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ನಕ್ಕು, ಕೆಮ್ಮಿದ ಹಾಗೆ ಮಾಡಿದ. ಒಬ್ಬೊಬ್ಬರೇ ಜಗುಲಿ ಇಳಿದರು. ಇಂಚರ ಅಪ್ಪನನ್ನು ನೋಡಲಿಲ್ಲ, ಬ್ಯಾಗು ಎತ್ತಿಕೊಂಡು ಒಳಗೆ ಹೋದಳು. ಭಾಗ್ಯಮ್ಮ ಗಂಡನನ್ನು ನೋಡಿದಳು, ಪಕ್ಕಕ್ಕಿಟ್ಟಿದ್ದ ಸೀರೆಯನ್ನೂ ನೋಡಿದಳು.

ಕಿವಿ ಮಂದವಾದ ರಾಮಮ್ಮಜ್ಜಿ ಒಬ್ಬಳೇ ಹೊಸ್ತಿಲಲ್ಲಿ ನಿಂತಿದ್ದಳು. "ಏನಂತ್ಲೇ ಭಾಗ್ಯ, ನನಗ ಕೇಳ್ನಿಲ್ಲ. ಅವನೆಸರು ಬಂದದಾ?"

"ಬಂದದ ಕಣಜ್ಜಿ," ಎಂದಳು ಭಾಗ್ಯಮ್ಮ, ಬಾಗಿಲು ಹಾಕಿಕೊಂಡಳು.