ಮೊದಲ ನೀರಿಗಿಂತ ಮುಂಚೆ ವೆರ್ಡಾ

ಬೆಳಕು ಹರಿಯುವ ಹೊತ್ತಿಗೆ ವೆರ್ಡಾ ಹಾಲ್ವರ್ಸನ್ ತಮ್ಮ ಹಳೆಯ ಪಿಕಪ್ಪನ್ನು ಹಿಮ್ಮುಖವಾಗಿ ತಂದು ಕಾಲುವೆಯ ಏರಿಗೆ ಆನಿಸಿ ನಿಲ್ಲಿಸುತ್ತಾರೆ. ಹಿಂಬಾಗಿಲು ಇಳಿಸಿದರೆ ಅದು ಏರಿಯ ಮಣ್ಣಿಗೆ ಸರಿಸಮವಾಗಿ ಕೂರುತ್ತದೆ. ಕೈಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ತಮ್ಮ ನಾಲ್ಕು ಗಾಲಿಯ ಬೈಕನ್ನು ಹೊಸ್ತಿಲು ದಾಟಿಸಿದಷ್ಟು ಸಲೀಸಾಗಿ ಗಾಡಿಯೊಳಗೆ ಓಡಿಸುತ್ತಾರೆ.

"ಅಂಗಡೀಲಿ ಬೈಕ್ ಹತ್ತಿಸೋ ಹಲಗೆಗೆ ಇನ್ನೂರು ಡಾಲರ್ ಹೇಳ್ತಾರೆ. ಮಣ್ಣು ಪುಕ್ಕಟೆ ಬಿದ್ದಿದೆಯಲ್ಲ" ಎಂದು ನಗುತ್ತಾರೆ.

ಅರವತ್ನಾಲ್ಕರ ವೆರ್ಡಾ ಅಮೆರಿಕದ ಐಡಹೋದ ಈ ಕಣಿವೆಯ ನೀರುಗಂಟಿ, ಹೊಲಗಳಿಗೆ ಕಾಲುವೆಯ ನೀರು ಹಂಚುವವರು. ಇಪ್ಪತ್ತೇಳು ಮೈಲಿ ಕಾಲುವೆ, ಅರವತ್ತೊಂದು ತೂಬು. ದಿನಕ್ಕೆ ಆರೇಳು ಸಲ ಬೈಕ್ ಇಳಿಸಬೇಕು, ಹತ್ತಿಸಬೇಕು. ಯಾವ ತೂಬಿನ ಬಳಿ ಏರಿ ಎಷ್ಟೆತ್ತರ ಎಂಬುದು ಅವರಿಗೆ ಬಾಯಿಪಾಠ. ಆಲೂಗಡ್ಡೆ ಬೆಳೆಯುವವರಿಗೆ ಅವರ ನೆನಪಾಗುವುದು ನೀರು ಕಮ್ಮಿಯಾದಾಗ ಮಾತ್ರ.

ಮೊದಲು ಅವರ ಬಳಿಯೂ ಎರಡು ಮರದ ಹಲಗೆಗಳಿದ್ದವು. ಗಂಡ ಲಾಮಾರ್ ಗಾಡಿಯ ಮೇಲೆ ನಿಂತು ಅವನ್ನು ಬೂಟುಗಾಲಲ್ಲಿ ಒತ್ತಿ ಹಿಡಿಯುತ್ತಿದ್ದರು. ಲಾಮಾರ್ ತೀರಿಕೊಂಡು ಮೂರು ವಾರಕ್ಕೆ ವೆರ್ಡಾ ಒಬ್ಬರೇ ಬೈಕ್ ಹತ್ತಿಸಲು ಹೋದರು. ಹಲಗೆಯನ್ನು ಗಾಡಿಗೆ ಸರಪಳಿಯಿಂದ ಬಿಗಿಯಬೇಕೆಂಬುದೇ ಹೊಳೆಯಲಿಲ್ಲ. ಹಲಗೆ ಜಾರಿತು, ಬೈಕ್ ಅವರ ಮೈಮೇಲೆ ಬಿತ್ತು, ಮೂರು ಪಕ್ಕೆಲುಬು ಮುರಿದವು.

"ಮೂವತ್ತು ವರ್ಷ ಅವನೇ ನನ್ನ ಸರಪಳಿ ಆಗಿದ್ದ. ಅವನಿಲ್ಲ ಅನ್ನೋದು ಗೊತ್ತಿತ್ತು, ಆದ್ರೆ ಹಲಗೆ ಹಿಡಿಯೋಕೂ ಇಲ್ಲ ಅಂತ ಬಿದ್ದಮೇಲೇ ತಿಳೀತು." ಆಮೇಲೆ ಅವರು ಹಲಗೆ ಮುಟ್ಟಲಿಲ್ಲ.

ಇದರಿಂದ ಅವರು ಕಳೆದುಕೊಂಡದ್ದು ಒಂದೇ, ಅದೇ ದೊಡ್ಡದು. ಪ್ರತಿ ಮೇ ತಿಂಗಳ ಮೊದಲ ದಿನ ಬೆಟ್ಟದ ಕೆರೆಯ ತೂಬು ಎತ್ತುತ್ತಿದ್ದವರು ಈ ದಂಪತಿ. ಒಣ ಕಾಲುವೆಯಲ್ಲಿ ಮೊದಲ ನೀರು ಮನುಷ್ಯ ನಡೆದಷ್ಟೇ ನಿಧಾನವಾಗಿ ಬರುತ್ತದೆ. ವೆರ್ಡಾ ಬೈಕನ್ನು ನಿಧಾನವಾಗಿ ಓಡಿಸಿಕೊಂಡು ಬಂದರೆ, ಲಾಮಾರ್ ನೀರಿನ ಪಕ್ಕದಲ್ಲೇ ಹೆಜ್ಜೆ ಹಾಕುತ್ತಾ ಇಳಿಯುತ್ತಿದ್ದರು. ಪಿಕಪ್ ಹೋಗುವ ದಾರಿ ಕೆರೆಗೆ ಎರಡು ಮೈಲಿ ಕೆಳಗೇ ಮುಗಿಯುತ್ತದೆ, ಅಲ್ಲಿಂದ ಮೇಲಕ್ಕೆ ಬೈಕೇ ಬೇಕು; ಆದರೆ ಬೈಕ್ ಇಳಿಸಲು ಅಲ್ಲಿ ಮಣ್ಣಿನ ಏರಿಯಿಲ್ಲ, ಬರೀ ಬಂಡೆ. ಮೂರು ವರ್ಷದಿಂದ ಆ ತೂಬನ್ನು ನೆರೆಯ ಕುರಿಗಾರ ಆಂಡರ್ ಎತ್ತುತ್ತಿದ್ದಾರೆ. ವೆರ್ಡಾ ಕೆಳಗೇ ಉಳಿಯುತ್ತಾರೆ, ಆ ದಿನ ಅವರಿಗೆ ಊಟ ಸೇರುವುದಿಲ್ಲ.

ಕಳೆದ ಸೋಮವಾರ ಅವರು ಒಬ್ಬರೇ ಅಲ್ಲಿಗೆ ಹೋದರು. ಪಿಕಪ್ಪಿನ ಹಿಂದಿನ ಗಾಲಿಗಳನ್ನು ಒಣ ಕಾಲುವೆಯೊಳಗೇ ಇಳಿಸಿದರು. ಹಿಂಬಾಗಿಲು ತಗ್ಗಿ ಎದುರಿನ ಬಂಡೆಗೆ ಸರಿಯಾಗಿ ಕೂತಿತು. ಬೈಕ್ ಇಳಿಯಿತು, ಹತ್ತಿತು.

ಸುದ್ದಿ ಕೇಳಿ ಆಂಡರ್ ತಲೆ ಚಚ್ಚಿಕೊಂಡರು. "ಅಲ್ಲಮ್ಮಾ, ಮೇಲೆ ನೀರು ಬಿಟ್ರೆ ಅದು ಬರೋದೇ ನಿನ್ನ ಗಾಡಿ ನಿಂತಿರೋ ಜಾಗಕ್ಕೆ! ನಿನ್ನ ಹಟಕ್ಕಿಂತ ನನ್ನ ಟಗರು ವಾಸಿ."

"ನೀರು ಎರಡು ಮೈಲಿ ಇಳಿಯೋಕೆ ಮುಕ್ಕಾಲು ಗಂಟೆ ಬೇಕು. ಬೈಕಲ್ಲಿ ನಂಗೆ ಕಾಲು ಗಂಟೆ ಸಾಕು" ಎಂದರು ವೆರ್ಡಾ.

"ಗಾಡಿ ಹತ್ರ ನಾನಾದ್ರೂ ನಿಂತಿರ್ತೀನಿ."

"ಬೇಡ ಆಂಡರ್. ನೀನಿದ್ರೆ ಮಾತಾಡ್ತೀಯ."

ಮೇ ತಿಂಗಳಿಗೆ ಇನ್ನು ಹನ್ನೊಂದು ದಿನ. ಉಳಿದ ಅರ್ಧ ಗಂಟೆ ಏನು ಮಾಡುತ್ತೀರಿ ಎಂದು ಕೇಳಿದರೆ, ವೆರ್ಡಾ ಕೈಗವಸು ಬಿಚ್ಚುತ್ತಾ ಬೆಟ್ಟದ ಕಡೆ ನೋಡುತ್ತಾರೆ.

"ಗಾಡಿ ಈಚೆ ತಂದು ದಡದಲ್ಲಿ ನಿಂತ್ಕೋತೀನಿ. ತಿರುವಲ್ಲಿ ಮೊದಲು ನೀರು ಕಾಣತ್ತೆ. ಅದರ ಪಕ್ಕ ಯಾರೂ ನಡ್ಕೊಂಡು ಬರ್ತಿರಲ್ಲ, ಗೊತ್ತು. ಆದ್ರೂ ಒಂದು ಸಲ ಅಲ್ಲಿ ನಿಂತು ನೋಡ್ಬೇಕು."